ಬಾಗಿಲ ಬಳಿಯ ಆಸನ

ಕನ್ನಡನಾಡಿನ ಮಕ್ಕಳು ವಿದ್ಯೆಗೆಂದೂ ಉದ್ಯೋಗಕ್ಕೆಂದೂ ಜಪಾನಿಗೆ ಹೋಗಿ, ಅಲ್ಲಿಯ ಮನೆತನಗಳಲ್ಲಿ ಸಂಬಂಧ ಬೆಳೆಸುವುದು ಈಗ ಕೇಳರಿಯದ ಸಂಗತಿಯಲ್ಲ. ಹೀಗೆ ಸೊಸೆಯಾದವಳು ಮೈದುನನ ಮದುವೆಗೋ, ಅಳಿಯನಾದವನು ನಾದಿನಿಯ ಮದುವೆಗೋ ಮೊದಲ ಸಲ ಹೋದಾಗ ಒಂದು ವಿಷಯಕ್ಕೆ ನೊಂದುಕೊಳ್ಳುವುದುಂಟು. ಔತಣದ ಮಂದಿರದಲ್ಲಿ ವಧೂವರರಿಗೆ ಅತಿ ಸಮೀಪವಾದ ಮೇಜುಗಳಲ್ಲಿ ಉದ್ಯೋಗದ ಮೇಲಧಿಕಾರಿಗಳೂ ಗುರುಗಳೂ ಗೆಳೆಯರೂ ಕುಳಿತಿರುತ್ತಾರೆ. ಇವರಿಗೋ, ಅತಿ ದೂರದಲ್ಲಿ, ಬಾಗಿಲ ಬಳಿಯಲ್ಲಿ ಆಸನ. "ಪರದೇಶದವರೆಂದು ಮೂಲೆಗೆ ತಳ್ಳಿದರು" ಎಂಬ ಸುದ್ದಿ ಊರಿಗೆ ಬರುತ್ತದೆ, ಊರಿನವರೂ ಮರುಗುತ್ತಾರೆ. ಈ ಮರುಕಕ್ಕೆ ಆಧಾರವೇ ಇಲ್ಲ.

ಆ ದೂರದ ಮೇಜುಗಳಲ್ಲಿ ಮತ್ತಾರು ಕುಳಿತಿದ್ದಾರೆಂಬುದನ್ನು ನೋಡಿದರೆ ಸಂಶಯವು ತಾನಾಗಿ ಪರಿಹಾರವಾಗುವುದು. ವಧೂವರರ ತಂದೆತಾಯಿಗಳು ಇರುವುದು ಅಲ್ಲಿಯೇ, ಒಡಹುಟ್ಟಿದವರೂ ಅಲ್ಲಿಯೇ. ಬಾಗಿಲಿಗೆ ದೂರವಾದ ಎಡೆಯನ್ನು 'ಕಾಮಿಜಾ' ಎಂದೂ, ಸಮೀಪವಾದ ಎಡೆಯನ್ನು 'ಶಿಮೋಜಾ' ಎಂದೂ ಜಪಾನೀಯರು ಕರೆಯುತ್ತಾರೆ. ಮೊದಲನೆಯದು ಅತಿಥಿಗೆ, ಎರಡನೆಯದು ಆತಿಥ್ಯ ನೀಡುವವರಿಗೆ. ಆಸನಗಳ ಪಟ್ಟಿಯಲ್ಲಿ ಅತಿಥಿಗಳ ಹೆಸರಿಗೆ 'ಸಾಮಾ' ಎಂಬ ಗೌರವಪದವು ಹತ್ತಿರುತ್ತದೆ. ತಂದೆತಾಯಿಗಳ ಹೆಸರಿಗೆ ಅದನ್ನು ಹಚ್ಚುವ ವಾಡಿಕೆಯಿಲ್ಲ. ಔತಣದ ನಡುವೆ ಅವರೇ ಎದ್ದು ಮೇಜಿನಿಂದ ಮೇಜಿಗೆ ಹೋಗಿ ಪಾನೀಯವೆರೆದು ವಂದಿಸುವರು. ಕಡೆಯಲ್ಲಿ ವಧೂವರರೊಡನೆ ಬಾಗಿಲಲ್ಲಿ ನಿಂತು ಬಂದವರನ್ನು ಬೀಳ್ಕೊಡುವರು.

ಕನ್ನಡಿಗರಿಗೆ ಇದರಲ್ಲಿ ತಿಳಿಯದ್ದೇನಿದೆ? ಮದುವೆಯ ಮನೆಯಲ್ಲಿ ಬೀಗರಿಗೆ ಮೊದಲ ಪಂಕ್ತಿ, ಮನೆಯವರಿಗೆ ಕಡೆಯ ಪಂಕ್ತಿ. ಆರಿದ ಅನ್ನವನ್ನು ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಉಂಡವನನ್ನು ಅವಮಾನಿತನೆಂದು ಯಾರೂ ಹೇಳುವುದಿಲ್ಲ. ಅವನು ಮನೆಯವನೆಂದೇ ಹೇಳುತ್ತಾರೆ.

ಈ ಆಸನದ ಬೆಲೆಯನ್ನು ಅರಿಯಬೇಕಾದರೆ ಸರ್ಕಾರದ ದಫ್ತರವನ್ನೂ ನೋಡಬೇಕು. 'ಕೋಸೆಕಿ' ಎಂಬ ಕುಟುಂಬಪಟ್ಟಿಯಲ್ಲಿ ಜಪಾನೀಯರು ಮಾತ್ರ ಕುಟುಂಬದ ಸದಸ್ಯರಾಗಿ ದಾಖಲಾಗುತ್ತಾರೆ. ಪರದೇಶದ ಪತಿಯಾಗಲಿ ಪತ್ನಿಯಾಗಲಿ ಜಪಾನೀಯ ಸಂಗಾತಿಯ ಹೆಸರಿನ ಕೆಳಗೆ ವಿವಾಹದ ಟಿಪ್ಪಣಿಯಲ್ಲಿ ಮಾತ್ರ ಕಾಣುವರು. ಒಂದೇ ಸೂರಿನಡಿ ಬಾಳುವವರ ನಿವಾಸಪಟ್ಟಿಯಲ್ಲಿ ಕೂಡ 2012ರ ಜುಲೈವರೆಗೆ ಪರದೇಶೀಯರಿಗೆ ಸರಿಯಾದ ಸ್ಥಾನವಿರಲಿಲ್ಲ. ಕಾನೂನು ಕೊಡದ ಸ್ಥಾನವನ್ನು ಅತ್ತೆಮಾವಂದಿರು ತಮ್ಮ ಮೇಜಿನಲ್ಲಿ ಕೊಟ್ಟಿರುವಾಗ, ಅದನ್ನು ಮೂಲೆಯೆನ್ನುವುದು ಕೃತಘ್ನತೆಯಲ್ಲವೆ?

ಭಾಷೆ ಬಾರದ ಹೊಸಬರಿಗೆ ಇಷ್ಟೆಲ್ಲ ಹೇಗೆ ತಿಳಿಯಬೇಕೆಂಬ ಆಕ್ಷೇಪವು ನ್ಯಾಯವಾದುದು. ಆದರೆ ಆ ದೋಷವು ಆಸನದ್ದಲ್ಲ, ಮೊದಲೇ ತಿಳಿಸದ ಸಂಗಾತಿಯದು. ಉಡುಗೊರೆಯ ಹಣಕ್ಕೆ ಹೊಸ ನೋಟುಗಳೇ ಆಗಬೇಕು; 'ಶಿ' ಎಂದರೆ ನಾಲ್ಕೂ ಹೌದು, ಮರಣವೂ ಹೌದಾದುದರಿಂದ ನಾಲ್ಕರ ಮೊತ್ತ ಕೂಡದು; ಮದುವೆ ಮರುಕಳಿಸಬಾರದೆಂದು ಲಕೋಟೆಯ ದಾರಕ್ಕೆ ಬಿಚ್ಚಲಾಗದ ಗಂಟು ಹಾಕಿರಬೇಕು; ಬಿಳಿಯ ಉಡುಪು ವಧುವಿಗೆ ಮೀಸಲು; 'ಕತ್ತರಿಸು', 'ಅಗಲು' ಎಂಬ ಮಾತುಗಳು ವರ್ಜ್ಯ. ಹೊರಡುವಾಗ 'ಹೋಗುತ್ತೇನೆ' ಎನ್ನದೆ 'ಬರುತ್ತೇನೆ' ಎನ್ನುವ ನಾಡಿನವರಿಗೆ ಇದನ್ನು ಕಲಿಸಲು ಒಂದು ಸಂಜೆ ಸಾಕು. ಆ ಸಂಜೆಯನ್ನು ಕೊಡದ ಸಂಗಾತಿಯು ತನ್ನವರನ್ನು ಸಭೆಯಲ್ಲಿ ಒಂಟಿಯಾಗಿಸುವನು. ಅಪಮಾನವೆಂಬುದೇನಾದರೂ ಇದ್ದರೆ ಅದು ಇದೇ.

ಇನ್ನು ಮರುಗುವ ಊರಿನವರು ತಮ್ಮ ನಡತೆಯನ್ನೂ ವಿಚಾರಿಸಿಕೊಳ್ಳತಕ್ಕದ್ದು. ಜಪಾನಿನ ಸೊಸೆಯೋ ಅಳಿಯನೋ ಇಲ್ಲಿಯ ಮದುವೆಗೆ ಬಂದಾಗ ಅವರಿಗೆ ಮುಂದಿನ ಸಾಲಿನ ಕುರ್ಚಿ, ಮೊದಲ ಪಂಕ್ತಿಯ ಎಲೆ, ಸಾಲುಸಾಲಾಗಿ ಛಾಯಾಚಿತ್ರ. ಮನೆಯ ಹೆಂಗಸರು ಹೂ ಕಟ್ಟುವಲ್ಲಿ ಅವರಿಗೆ ಎಡೆಯಿಲ್ಲ. ಬಡಿಸುವ ಸೌಟು ಅವರ ಕೈಗೆ ಬರುವುದಿಲ್ಲ. ಹತ್ತು ವರ್ಷ ಸಂಸಾರ ಮಾಡಿದರೂ ಅವರು ಅತಿಥಿಗಳೇ! ಇದನ್ನು ಉಪಚಾರವೆಂದು ಬಗೆದು ಹಿಗ್ಗುವವರು, ಬಾಗಿಲ ಬಳಿಯ ಆಸನವನ್ನು ತಿರಸ್ಕಾರವೆಂದು ಹಳಿಯುತ್ತಾರೆ. ನೆಂಟಸ್ತಿಕೆಯನ್ನು ನಿಜವಾಗಿ ಅರಿತವರು ಯಾರೆಂಬುದನ್ನು, ಮುಂದಿನ ಮದುವೆಯಲ್ಲಿ ಸೌಟು ಯಾರ ಕೈಗೆ ಹೋಗುತ್ತದೆಂಬುದೇ ಹೇಳಬೇಕು.