ಗಣಕಯಂತ್ರವೂ ನಮ್ಮ ನುಡಿಯೂ



ಗಣಕಯಂತ್ರವು ಇಂಗ್ಲಿಷ್ ಬಲ್ಲವರ ಸೊತ್ತೆಂಬ ಅಳುಕು, ಕನ್ನಡದಲ್ಲಿಯೇ ಮೆಟ್ರಿಕ್ಯುಲೇಷನ್ ಮುಗಿಸಿ ಊರು ಬಿಟ್ಟು ಬಂದ ನಮಗೂ ಇದ್ದಿತು. ನಿಮ್ಮ ಮುಖಗಳಲ್ಲಿ ಅದೇ ಅಳುಕನ್ನು ಕಂಡು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನೆರೆಯ ಆಂಧ್ರವನ್ನು ನೋಡೋಣ. ಕ್ಯಾಥೊಲಿಕ್ ಪಾದ್ರಿಗಳು ವಿಶಾಖಪಟ್ಟಣದಲ್ಲಿ ಸಂತ ಅಲೋಶಿಯಸ್ ಶಾಲೆಯನ್ನು 1847ರಲ್ಲಿಯೂ ವಿಜಯವಾಡದಲ್ಲಿ ಆಂಧ್ರ ಲೊಯೋಲಾ ಕಾಲೇಜನ್ನು 1953ರಲ್ಲಿಯೂ ತೆರೆದರು. ಇಂತಹ ಸಂಸ್ಥೆಗಳೆಂದರೆ ಇಂಗ್ಲಿಷ್ ವಿದ್ಯೆಯೇ ನೆನಪಾಗುವುದು ಸಹಜ. ಆದರೆ ಆ ಲೊಯೋಲಾ ಕಾಲೇಜಿನ ವಿದ್ಯಾರ್ಥಿಗಳು ಗಣಕಯಂತ್ರದ ಮುಂದೆ ಕುಳಿತು, ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶವಾದ ವಿಕಿಪೀಡಿಯಕ್ಕೆ ತೆಲುಗಿನಲ್ಲಿ ಲೇಖನಗಳನ್ನು ಬರೆದರು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯವೂ ಕ್ಯಾಥೊಲಿಕ್ ಸಂಸ್ಥೆಯೇ; ಅಲ್ಲಿನ ವಿದ್ಯಾರ್ಥಿಗಳು, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಬರೆದರು.

ಯಂತ್ರದಿಂದ ಮಕ್ಕಳು ಸೋಮಾರಿಗಳಾಗುವರೆಂಬ ಹಿರಿಯರ ಮಾತು ಪೂರ್ತಿ ಸುಳ್ಳಲ್ಲ. ಗುಂಡಿಯೊತ್ತಿ ಪಡೆದ ಉತ್ತರವನ್ನು ಹಾಗೆಯೇ ನಕಲು ಮಾಡುವುದು ವಿದ್ಯೆಯಲ್ಲ. ಆದರೆ ನಾಲ್ವರು ಓದುವಂತೆ ಒಂದು ಪುಟ ಬರೆಯಬೇಕಾದರೆ ಗ್ರಂಥಗಳನ್ನು ನೋಡಬೇಕು, ಸಂಗತಿ ನಿಜವೆ ಎಂದು ವಿಚಾರಿಸಬೇಕು, ಆಧಾರ ಕೊಡಬೇಕು, ವಾಕ್ಯವನ್ನು ತಿದ್ದಬೇಕು. ಅದೇ ಅಲ್ಲವೆ ಕಲಿಕೆ?

ಭಾಷೆ ಅಡ್ಡಿಯೆನ್ನುವಂತಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲಿಯೇ ಕನ್ನಡದ ಸಕಲ ಅಕ್ಷರಗಳೂ ಮೂಡುತ್ತವೆ.

ಆದುದರಿಂದ ಈ ರಜೆಯಲ್ಲಿ ನಿಮ್ಮ ಹಿರಿಯರ ಊರಿನ ಕೆರೆಯ ಕುರಿತೋ ಜಾತ್ರೆಯ ಕುರಿತೋ ಕೇಳಿ ತಿಳಿದು, ಪುಸ್ತಕಗಳೊಡನೆ ಹೋಲಿಸಿ, ಒಂದು ಪುಟವನ್ನು ಕನ್ನಡದಲ್ಲಿ ಬೆರಳಚ್ಚು ಮಾಡಿ ತನ್ನಿರಿ. ತಪ್ಪುಗಳಿದ್ದರೆ ಕೂಡಿ ತಿದ್ದೋಣ. ಯಂತ್ರಕ್ಕೆ ತನ್ನದೆಂಬ ನುಡಿಯಿಲ್ಲ. ನಾವು ಬರೆದುದೇ ಅದರ ನುಡಿ.