ಹಾವಿನ ಹೆಸರು, ಹುಡುಗಿಯ ಸಾಕ್ಷಿ

ಹಾವಿನ ಹೆಸರಿನ ಕಾದಂಬರಿ ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ತರಾಸು ಅವರ ‘ನಾಗರಹಾವು’. ಈ ಮಳೆಗಾಲದಲ್ಲಿ ಉರ್ವದ ಫ್ಲಾಟ್‌ನಲ್ಲಿ ಕೂತು ನಾನು ಓದಿದ್ದು ಇನ್ನೊಂದು ಹಾವಿನ ಕಥೆ. ಅಮೆರಿಕದ ರೆಕ್ಸ್ ಸ್ಟೌಟ್ ಬರೆದ, 1934ರಲ್ಲಿ ಪ್ರಕಟವಾದ ಪತ್ತೇದಾರಿ ಕಾದಂಬರಿ ‘ಫೆರ್-ದೆ-ಲಾನ್ಸ್’. ಫ್ರೆಂಚ್‌ನಲ್ಲಿ ಹಾಗೆಂದರೆ ಈಟಿಯ ಮೊನೆ. ಅಮೆರಿಕ ಖಂಡದ ಈ ವಿಷದ ಹಾವು ನಮ್ಮ ಘಟ್ಟದ ಗುಳಿಮಂಡಲಕ್ಕೆ ದೂರದ ನೆಂಟ.

ಪತ್ತೇದಾರನ ಹೆಸರು ನೀರೋ ವುಲ್ಫ್. ಭಾರೀ ದಪ್ಪದ ಆಸಾಮಿ. ಕೆಲಸಕ್ಕೆಂದು ಮನೆಯಿಂದ ಹೊರಗೆ ಕಾಲಿಡುವುದೇ ಇಲ್ಲ. ಬೆಳಿಗ್ಗೆ 9ರಿಂದ 11, ಸಂಜೆ 4ರಿಂದ 6 ಆರ್ಕಿಡ್ ಗಿಡಗಳಿಗೆ ಮೀಸಲು. ಉಳಿದ ಹೊತ್ತು ಊಟ, ಪುಸ್ತಕ, ಬಿಯರ್. ಓಡಾಟವೆಲ್ಲ ಸಹಾಯಕ ಆರ್ಚಿ ಗುಡ್‌ವಿನ್‌ನದು. ವರ್ಕ್ ಫ್ರಮ್ ಹೋಮ್ ಮಾಡುವ ನಮ್ಮಂಥವರಿಗೆ ಈತ ಮೂಲಪುರುಷ ಮಾರಾಯ್ರೆ!

ಕಾಲೇಜೊಂದರ ಅಧ್ಯಕ್ಷರು ಗಾಲ್ಫ್ ಆಡುತ್ತಾ ಸಾಯುತ್ತಾರೆ. ಎಲ್ಲರೂ ಅದನ್ನು ಸಹಜ ಸಾವು ಅಂತಲೇ ನಂಬುತ್ತಾರೆ. ಆದರೆ ವುಲ್ಫ್ ಬಳಿಗೆ ಆ ಪ್ರಕರಣ ದೊಡ್ಡವರ ಮನೆಯಿಂದ ಬರುವುದಿಲ್ಲ. ಇಟಲಿಯಿಂದ ವಲಸೆ ಬಂದ ಮರಿಯಾ ಎಂಬ ಹೆಂಗಸು, ಲೋಹದ ಕೆಲಸ ಮಾಡುವ ತನ್ನ ಒಡಹುಟ್ಟಿದವ ಕಾರ್ಲೋ ಕಾಣೆಯಾಗಿದ್ದಾನೆ, ಹುಡುಕಿಕೊಡಿ ಅಂತ ಬರುತ್ತಾಳೆ. ಎರಡೂ ಎಳೆಗಳನ್ನು ಜೋಡಿಸುವ ಸುಳಿವು ಸಿಗುವುದು, ಅವನಿದ್ದ ಬಾಡಿಗೆ ಮನೆಯಲ್ಲಿ ಕೆಲಸಕ್ಕಿದ್ದ ಆ್ಯನಾ ಎಂಬ ಹುಡುಗಿಯಿಂದ. ವುಲ್ಫ್ ಅವಳನ್ನು ಎದುರು ಕೂರಿಸಿಕೊಂಡು ಗಂಟೆಗಟ್ಟಲೆ, ಸಣ್ಣ ಸಣ್ಣ ಸಂಗತಿಗಳನ್ನೂ ಬಿಡದೆ ವಿಚಾರಿಸುತ್ತಾನೆ. ಆಮೇಲೆ, ಶವ ಹೊರತೆಗೆದರೆ ಅದರೊಳಗೆ ವಿಷದ ಸೂಜಿ ಇರುತ್ತದೆ ಅಂತ ಸರ್ಕಾರಿ ವಕೀಲರಿಗೇ 10,000 ಡಾಲರ್ ಪಂಥ ಒಡ್ಡುತ್ತಾನೆ. ನನಗೆ ಪಂಥಕ್ಕಿಂತ ಹಿಡಿಸಿದ್ದು ಆ ವಿಚಾರಣೆ. ಕೋಣೆ ಗುಡಿಸುವವಳಿಗೆ ಆ ಕೋಣೆಯ ವಿಷಯ ಗೊತ್ತಿರುತ್ತದೆ ಅಂತ ಉಳಿದ ಯಾರಿಗೂ ಹೊಳೆದಿರಲಿಲ್ಲ.

ನನ್ನ ಅಜ್ಜಿಗೆ ಮಾತ್ರ ಇದು ಹೊಸ ವಿಷಯ ಆಗುತ್ತಿರಲಿಲ್ಲ. ಅಜ್ಜಿ ಬೀಡಿ ಕಟ್ಟುತ್ತಿದ್ದರು, ಅಮ್ಮ ಪಕ್ಕದಲ್ಲಿ ಕೂತು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆಗಳನ್ನು ಗಟ್ಟಿಯಾಗಿ ಓದುತ್ತಿದ್ದರಂತೆ. 500ಕ್ಕೂ ಹೆಚ್ಚು ಕಾದಂಬರಿ ಬರೆದ ಅವರನ್ನು ಬಸ್‌ಸ್ಟ್ಯಾಂಡ್ ಸಾಹಿತಿ ಅಂತ ಮೂಗು ಮುರಿದವರೂ ಉಂಟು. ನಮ್ಮ ಮನೆಯಲ್ಲಿ ಮಾತ್ರ ಅವರ ಪುಸ್ತಕ ಬಂದರೆ ಬೀಡಿಯ ಲೆಕ್ಕ ತಪ್ಪುತ್ತಿತ್ತು. ಯಾವ ಕಥೆಯಾದರೂ ಅಜ್ಜಿಯ ತಕರಾರು ಒಂದೇ: “ಆ ಅಡುಗೆಯವಳನ್ನು ಕೇಳಿದ್ರೆ ಆಗ್ಲೇ ಮುಗೀತಿತ್ತಲ್ಲ!”

ಕಳೆದ ತಿಂಗಳು ನಮ್ಮ ಫ್ಲಾಟ್‌ನ ವಾಚ್‌ಮನ್ ಎರಡು ದಿನ ಬರಲಿಲ್ಲ. ವಾಟ್ಸ್ಆ್ಯಪ್ ಗ್ರೂಪಲ್ಲಿ ಬಂದ ಪ್ರಶ್ನೆ, ನೀರಿನ ಪಂಪು ಹಾಕುವವರು ಯಾರು ಅಂತ. ಮೂರನೇ ದಿನ ಮೆಟ್ಟಿಲು ಗುಡಿಸುವ ಅಕ್ಕ ನಮ್ಮ ಬಾಗಿಲು ತಟ್ಟಿದರು. “ಅವರ ಸೈಕಲ್ ಇಲ್ಲೇ ಉಂಟು. ಬುತ್ತಿ ತೊಳೆಯದೆ ಬಿಟ್ಟು ಹೋಗಿದ್ದಾರೆ. ಹಾಗೆ ಬಿಡುವ ಜನ ಅಲ್ಲ ಅವರು. ಎಂತ ಆಗಿದೆ ಅಂತ ಒಮ್ಮೆ ನೋಡಿ.” ಅವರ ಕೋಣೆ ಹುಡುಕಿಕೊಂಡು ಹೋದರೆ, ಜ್ವರದಲ್ಲಿ ಏಳಲಾಗದೆ ಮಲಗಿದ್ದರು. ಡೆಂಗ್ಯೂ. ಆಸ್ಪತ್ರೆಗೆ ಸೇರಿಸಿದೆವು. ಈಗ ಗುಣವಾಗಿ ಮತ್ತೆ ಗೇಟಿನ ಹತ್ತಿರ ಇದ್ದಾರೆ. ಗ್ರೂಪಲ್ಲಿ ಎಲ್ಲರೂ ಥ್ಯಾಂಕ್ಸ್ ಹೇಳಿದ್ದು ನನಗೆ. ಗುಡಿಸುವ ಅಕ್ಕ ಆ ಗ್ರೂಪಲ್ಲೇ ಇಲ್ಲ.

ಸಿಕ್ಕರೆ ಈ ಕಾದಂಬರಿ ಓದಿ. ಕೊಲೆಗಾರ ಯಾರೆಂದು ನಾನು ಹೇಳುವುದಿಲ್ಲ. ಆ್ಯನಾ ಮಾತಾಡುವ ಪುಟಗಳನ್ನು ನಿಧಾನ ಓದಿ. ವುಲ್ಫ್‌ನ ಮೇಜಿನ ಡ್ರಾಯರ್ ತೆರೆಯುವ ಜಾಗ ಬಂದಾಗ ಮಾತ್ರ, ಕಾಲು ಮೇಲೆ ಎತ್ತಿ ಕೂತರೆ ಒಳ್ಳೆಯದು.