ನಮ್ಮವರ ಲೆಕ್ಕ ಕೇಳುವವರು ಯಾರು?

ವೈಜ್ಞಾನಿಕ ಕಥೆಗಳೆಂದರೆ ಮಕ್ಕಳಾಟಿಕೆ ಎಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಇನ್ನೂ ಅಳಿದಿಲ್ಲ. ಒಂದು ಕಡೆ ಒಳ್ಳೆಯವರು, ಇನ್ನೊಂದು ಕಡೆ ಕೆಟ್ಟವರು, ನಡುವೆ ಬಾಹ್ಯಾಕಾಶ ನೌಕೆಗಳ ಕಾದಾಟ. ನಾನೂ ಹಾಗೆಯೇ ಭಾವಿಸಿದ್ದೆ. ಆ ಭಾವನೆಯನ್ನು ಅಲುಗಿಸಿದ್ದು ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಎಂಬ ಅಮೆರಿಕದ ಟಿ.ವಿ. ಧಾರಾವಾಹಿ.

1978ರ ಮೂಲ ಧಾರಾವಾಹಿಯಲ್ಲಿ ಸೈಲಾನ್‌ಗಳು ಕೊಲ್ಲಲೆಂದೇ ಬಂದ ಯಂತ್ರಗಳು. 2003ರಲ್ಲಿ ರೊನಾಲ್ಡ್ ಮೂರ್ ಅದನ್ನು ಮರುರೂಪಿಸಿದಾಗ, ಅವರು ಮನುಷ್ಯನೇ ಸೃಷ್ಟಿಸಿ ದುಡಿಸಿಕೊಂಡ, ಕೊನೆಗೆ ಅವನ ಮೇಲೆಯೇ ತಿರುಗಿಬಿದ್ದ ಜೀವಿಗಳಾದರು. ಮನುಷ್ಯರ ಹನ್ನೆರಡು ಲೋಕಗಳನ್ನು ಅವರು ಅಣ್ವಸ್ತ್ರಗಳಿಂದ ಸುಡುತ್ತಾರೆ. ಉಳಿಯುವವರು ಸುಮಾರು 50 ಸಾವಿರ ಮಂದಿ. ಘೋರ ಅಪರಾಧ ಯಾರದೆಂಬುದರಲ್ಲಿ ಸಂಶಯವಿಲ್ಲ.

ಆದರೆ 2006ರಲ್ಲಿ ಪ್ರಸಾರವಾದ ಮೂರನೆಯ ಸರಣಿಯಲ್ಲಿ, ಬದುಕುಳಿದವರು ನೆಲೆಸಿದ ಗ್ರಹವನ್ನು ಸೈಲಾನ್‌ಗಳು ಆಕ್ರಮಿಸಿಕೊಂಡಾಗ ಮನುಷ್ಯರೇ ಆತ್ಮಾಹುತಿ ದಾಳಿಗೆ ಇಳಿಯುತ್ತಾರೆ. ಶತ್ರುವಿನ ಪೊಲೀಸ್ ಪಡೆ ಸೇರಿದ ಸ್ವಜನರೂ ಬಲಿಯಾಗುತ್ತಾರೆ. ಇರಾಕಿನಲ್ಲಿ ಅಮೆರಿಕದ ಸೇನೆ ಬೀಡುಬಿಟ್ಟಿದ್ದ ಕಾಲವದು. ಬಾಂಬು ಕಟ್ಟಿಕೊಂಡು ಹೊರಟವನ ಯಶಸ್ಸನ್ನು ನಾನು ಒಳಗೊಳಗೇ ಬಯಸಿದ್ದೆ. ಸುದ್ದಿಯಲ್ಲಿ ಅಂಥವರನ್ನು ಕಂಡಾಗಲೆಲ್ಲ ಶಪಿಸಿದ್ದೂ ಇದೇ ಮನಸ್ಸು.

ಬಿಡುಗಡೆಯ ಬಳಿಕ ಗುಪ್ತ ಮಂಡಲಿಯೊಂದು ದ್ರೋಹಿಗಳೆಂದು ಬಗೆದವರನ್ನು ಕೊಲ್ಲತೊಡಗುತ್ತದೆ. ಪ್ರತಿರೋಧಕ್ಕೆ ಗುಟ್ಟಾಗಿ ಮಾಹಿತಿ ನೀಡಿದ್ದ ಗೇಟಾ ಎಂಬಾತನೇ ಕೂದಲೆಳೆಯಲ್ಲಿ ಪಾರಾಗುತ್ತಾನೆ. ಮುಂದೆ, ರೋಗಾಣು ಹರಡಿ ಸೈಲಾನ್ ಕುಲವನ್ನೇ ಅಳಿಸುವ ಯೋಜನೆಗೆ ಅಧ್ಯಕ್ಷೆ ರೋಸ್ಲಿನ್ ಸಮ್ಮತಿಸುತ್ತಾರೆ. ಹೀಲೋ ಎಂಬ ಅಧಿಕಾರಿ ಅದನ್ನು ತಪ್ಪಿಸುತ್ತಾನೆ; ಅದಕ್ಕಾಗಿ ಸೋಂಕು ತಗುಲಿದ ಕೈದಿಗಳನ್ನು ತಾನೇ ಕೊಲ್ಲುತ್ತಾನೆ. ನಿಷ್ಕಳಂಕರು ಯಾರೂ ಇಲ್ಲ.

ಇಂಥ ಕಥೆಗಳು ‘ಇಬ್ಬರೂ ಒಂದೇ’ ಎಂದು ಸಾರುತ್ತವೆ, ತೀರ್ಪು ನೀಡುವ ಹೊಣೆಯಿಂದ ನುಣುಚಿಕೊಳ್ಳುತ್ತವೆ ಎಂಬ ಆಕ್ಷೇಪವುಂಟು. ನಾನದನ್ನು ಒಪ್ಪಲಾರೆ. ಸೈಲಾನ್‌ಗಳ ನರಮೇಧವನ್ನು ಈ ಕಥೆ ಎಲ್ಲಿಯೂ ಮನ್ನಿಸುವುದಿಲ್ಲ. ನಮಗಾದ ಅನ್ಯಾಯ ನಾವು ಎಸಗುವ ಅನ್ಯಾಯಕ್ಕೆ ಪರವಾನಗಿಯಲ್ಲ ಎಂದಷ್ಟೇ ಅದು ಹೇಳುತ್ತದೆ. ದ್ರೋಣನನ್ನು ಕೊಲ್ಲಲು ಧರ್ಮರಾಯ ಆಡಿದ ಅರೆಸತ್ಯವನ್ನು ಮರೆಮಾಚದ ಮಹಾಭಾರತವನ್ನು ಬಲ್ಲ ನಮಗೆ ಇದು ಹೊಸದೇನಲ್ಲ. ಮಹಾಭಾರತವೂ ಕೌರವರನ್ನು ದೋಷಮುಕ್ತರನ್ನಾಗಿಸಲಿಲ್ಲ.

2009ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ನ್ಯೂಯಾರ್ಕ್ ಕಚೇರಿಯಲ್ಲಿ ಈ ಧಾರಾವಾಹಿಯನ್ನು ಮುಂದಿಟ್ಟುಕೊಂಡು ಮಾನವ ಹಕ್ಕು, ಭಯೋತ್ಪಾದನೆಗಳ ಕುರಿತು ಚರ್ಚೆ ನಡೆದದ್ದು ಅಕಾರಣವಲ್ಲ. ಯುದ್ಧದ ಸುದ್ದಿ ಓದುವಾಗ ಶತ್ರುವಿನ ಲೆಕ್ಕವನ್ನು ನಾವು ಕೂಡಲೇ ಕೇಳುತ್ತೇವೆ. ನಮ್ಮವರ ಲೆಕ್ಕವನ್ನು ಗೆದ್ದ ಮೇಲೆ ನೋಡೋಣವೆಂದು ಮುಂದೂಡುತ್ತೇವೆ. ಗೆದ್ದ ಮೇಲೆ ಅದನ್ನು ಕೇಳುವವರೇ ಇರುವುದಿಲ್ಲ.